50 ಕಿಲೋ ಜಾಸ್ತಿ ಆಗಿದ್ದಕ್ಕೆ ಇನ್ನೊಂದು ಲೈಸೆನ್ಸ್

ಜರ್ಮನಿಯಲ್ಲಿ ಕಾರಿನ ಲೈಸೆನ್ಸ್ ಇದ್ದರೆ ಎಷ್ಟು ದೊಡ್ಡ ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಟ್ರೇಲರ್) ಬೇಕಾದರೂ ಹಿಂದೆ ಕಟ್ಟಿಕೊಂಡು ಹೋಗಬಹುದು ಅಂತ ನಮ್ಮ ಶಿರಸಿ ಕಡೆಯ ಹುಡುಗರು ಅಂದುಕೊಂಡಿರುತ್ತಾರೆ. ಅಡಿಕೆ ಕೊಯ್ಲಿಗೆ ಊರಿಗೆ ಬಂದಾಗ ಅಲ್ಲಿಗೆ ಹೊರಟಿರುವ ಒಬ್ಬಿಬ್ಬರು ಇದನ್ನೇ ಕೇಳಿದರು. ಅದು ಹಾಗಲ್ಲ. ಹಾಗಾಗಿ ಭಾರದ ಕ್ಯಾರವಾನ್ ಎಳೆಯಲು ನಾನು ಇನ್ನೊಂದು ಲೈಸೆನ್ಸ್ ತೆಗೆದುಕೊಂಡ ಬಗೆಯನ್ನು ಬರೆಯುತ್ತಿದ್ದೇನೆ.

ಊರಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕೆ ಕಾರಣವೂ ಇದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ 7,500 ಕಿಲೋ ಮೀರದ ಟ್ರ್ಯಾಕ್ಟರ್ ಲಘು ವಾಹನದ ಲೆಕ್ಕಕ್ಕೇ ಬರುತ್ತದೆ. ಹಿಂದೆ ಟ್ರಾಲಿ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರಿನ ಲೈಸೆನ್ಸ್ ನಡೆಯದೆ ಹೋಗುವುದಿಲ್ಲ ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ನಾಗಶೆಟ್ಟಿ ಪ್ರಕರಣದಲ್ಲಿ ಹೇಳಿದೆ. ಟ್ರಾಲಿಗೆ ಬೇರೆ ನೋಂದಣಿ ಬೇಕು, ಓಡಿಸುವವನಿಗೆ ಬೇರೆ ಪರೀಕ್ಷೆ ಇಲ್ಲ.

ಜರ್ಮನಿಯಲ್ಲಿ ಎಲ್ಲವೂ ತೂಕದ ಮೇಲೆ. ಕಾರಿನ ಲೈಸೆನ್ಸ್ ಅಲ್ಲಿ ಬಿ ದರ್ಜೆ. ಅದರಲ್ಲಿ 750 ಕಿಲೋ ತನಕದ ಟ್ರೇಲರ್ ಎಳೆಯಬಹುದು. ಟ್ರೇಲರ್ ಅದಕ್ಕಿಂತ ಭಾರವಾಗಿದ್ದರೆ ಕಾರು, ಟ್ರೇಲರ್ ಎರಡೂ ಸೇರಿ 3,500 ಕಿಲೋ ಮೀರಬಾರದು. ಅದನ್ನು ಮೀರಿ 4,250ರ ತನಕ ಬಿ96. ಇದಕ್ಕೆ ಪರೀಕ್ಷೆ ಇಲ್ಲ, ಡ್ರೈವಿಂಗ್ ಸ್ಕೂಲಿನಲ್ಲಿ 7 ಗಂಟೆಯ ತರಬೇತಿ ಮುಗಿಸಿದರೆ ಸಾಕು. ಅದಕ್ಕೂ ಮೇಲೆ ಹೋದರೆ ಬಿಇ. ಅದರಲ್ಲಿ ಟ್ರೇಲರ್ ಒಂದೇ 3,500 ಕಿಲೋ ಇರಬಹುದು.

ಇಲ್ಲಿ ಒಂದು ವಿಷಯ ಸರಿಯಾಗಿ ಗಮನಿಸಿ. ಲೈಸೆನ್ಸಿಗೆ ಲೆಕ್ಕ ಹಿಡಿಯುವುದು ಗಾಡಿ ಈಗ ತೂಗುವ ತೂಕವನ್ನಲ್ಲ. ಅದರ ಕಾಗದದಲ್ಲಿ ಬರೆದ ಗರಿಷ್ಠ ತೂಕವನ್ನು. ಕ್ಯಾರವಾನ್ ಪೂರ್ತಿ ಖಾಲಿ ಇದ್ದರೂ ಅದೇ ಅಂಕಿ. ನನ್ನ ಕಾರಿನದು 2,300, ಮನೆಯವರೆಲ್ಲ ಮೆಚ್ಚಿದ ಕ್ಯಾರವಾನಿನದು 2,000. ಒಟ್ಟು 4,300. ಬಿ96ರ ಮಿತಿಗಿಂತ 50 ಕಿಲೋ ಜಾಸ್ತಿ! ಕ್ಯಾರವಾನಿನ ಗರಿಷ್ಠ ತೂಕವನ್ನು ಕಾಗದದಲ್ಲೇ ಇಳಿಸಿಕೊಳ್ಳುವ ದಾರಿಯೂ ಅಲ್ಲಿದೆ. ಆದರೆ ಇಳಿಸಿದಷ್ಟೂ ನಾವು ತುಂಬಬಹುದಾದ ಸಾಮಾನು ಕಡಿಮೆ ಆಗುತ್ತದೆ. ಮಕ್ಕಳು, ನೀರು, ಗ್ಯಾಸ್, ಸೈಕಲ್ ಎಲ್ಲ ಇರುವ ಸಂಸಾರಕ್ಕೆ 50 ಕಿಲೋ ಸಣ್ಣದಲ್ಲ. ಬಿಇ ಮಾಡುವುದೇ ಸರಿ ಅನ್ನಿಸಿತು. ಈಗಲೂ ನನ್ನ ಸಲಹೆ ಅದೇ.

ಲೈಸೆನ್ಸ್ ಇದ್ದರೆ ಮುಗಿಯಲಿಲ್ಲ, ಕಾರಿಗೆ ಎಳೆಯುವ ತಾಕತ್ತೂ ಬೇಕು. ಅಲ್ಲಿನ ಆರ್‌ಸಿಯಲ್ಲಿ ಒ.1 ಅನ್ನುವ ಕಲಂ ಇರುತ್ತದೆ. ಬ್ರೇಕ್ ಇರುವ ಟ್ರೇಲರನ್ನು ಎಷ್ಟು ಕಿಲೋ ತನಕ ಎಳೆಯಬಹುದು ಅಂತ ಅದರಲ್ಲಿ ಬರೆದಿರುತ್ತಾರೆ. ಕ್ಯಾರವಾನಿಗೆ ಮುಂಗಡ ಕೊಡುವ ಮೊದಲು ಅದನ್ನು ನೋಡಿ.

ಬಿಇಗೆ ಬರವಣಿಗೆಯ ಪರೀಕ್ಷೆ ಇಲ್ಲ, ಓಡಿಸಿ ತೋರಿಸಬೇಕು. ಅದಕ್ಕೂ ಮೊದಲು ಐದು ಕಡ್ಡಾಯ ಪಾಠಗಳು: ಊರ ಹೊರಗಿನ ರಸ್ತೆಯಲ್ಲಿ ಮೂರು, ಆಟೋಬಾನಿನಲ್ಲಿ (ಅಲ್ಲಿನ ವೇಗದ ಹೆದ್ದಾರಿ) ಒಂದು, ಕತ್ತಲಲ್ಲಿ ಒಂದು. ಪರೀಕ್ಷೆಯ ದಿನ ಟ್ರೇಲರ್ ಕಟ್ಟಿ ಬಿಚ್ಚಬೇಕು, ಲೈಟು, ಟಯರು, ಕೊಂಡಿ ಎಲ್ಲ ನೋಡಿ ಬಾಯಲ್ಲಿ ಹೇಳಬೇಕು. ಆಮೇಲೆ ಎಡಗಡೆಯ ತಿರುವಿನೊಳಕ್ಕೆ ಹಿಮ್ಮುಖವಾಗಿ ತರಬೇಕು. ಹೆಚ್ಚಿನವರು ಹೆದರುವುದು ಇದಕ್ಕೇ.

ನಾನು ಇದನ್ನು ಕಲಿತದ್ದು ಶಿರಸಿಯ ನಮ್ಮ ಮನೆ ಅಂಗಳದಲ್ಲಿ. ಪರೀಕ್ಷೆಗೆ ಮುಂಚೆ ರಜೆಗೆ ಬಂದಿದ್ದೆ. ಚಿಕ್ಕಪ್ಪನ ಹತ್ತಿರ ಎರಡು ಗಾಲಿಯ ಟ್ರಾಲಿ ಇದೆ. ಅಡಿಕೆ ಕೊನೆ, ಸೊಪ್ಪು, ಗೊಬ್ಬರ ಎಲ್ಲ ಅದರಲ್ಲೇ. ಕೊಟ್ಟಿಗೆಗೂ ಅಡಿಕೆ ಚಪ್ಪರಕ್ಕೂ ನಡುವಿನ ಸಂದಿಯಲ್ಲಿ ಅವರು ಅದನ್ನು ಒಂದೇ ಸಲಕ್ಕೆ ಹಿಂದಕ್ಕೆ ತಂದು ನಿಲ್ಲಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಈ ಸಲ ಪಕ್ಕ ನಿಂತು ಕಲಿಸಿದರು. "ತಮಾ, ಗಡಿಬಿಡಿ ಮಾಡಡ" ಅನ್ನುವುದೇ ಅವರ ಮೊದಲ ಪಾಠ.

ಟ್ರಾಲಿಯ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಬೇಕು. ತಲೆಯಲ್ಲಿ ಲೆಕ್ಕ ಹಾಕುತ್ತ ಕೂತರೆ ಆಗುವುದಿಲ್ಲ. ಸ್ಟೇರಿಂಗಿನ ಕೆಳತುದಿಯನ್ನು ಹಿಡಿಯಿರಿ. ಟ್ರೇಲರ್ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಸರಿಯಲಿ. ಸ್ವಲ್ಪ ತಿರುಗಿಸಿ, ಟ್ರಾಲಿ ಹೊರಳಲು ಶುರುವಾದ ಕೂಡಲೇ ಸ್ಟೇರಿಂಗ್ ವಾಪಸ್ ತಂದು ಅದರ ಹಿಂದೆಯೇ ಹೋಗಬೇಕು. ಕೋನ ಜಾಸ್ತಿ ಮಡಚಿಕೊಂಡರೆ ಗುದ್ದಾಡಬೇಡಿ, ಮುಂದೆ ಎಳೆದು ನೇರ ಮಾಡಿಕೊಳ್ಳಿ. ಗಿಡ್ಡ ಟ್ರಾಲಿ ಬೇಗ ಹೊರಳುತ್ತದೆ, ಉದ್ದದ ಕ್ಯಾರವಾನ್ ನಿಧಾನ. ಹಾಗಾಗಿ ಟ್ರಾಲಿಯಲ್ಲಿ ಕೈ ಕೂತವರಿಗೆ ಕ್ಯಾರವಾನ್ ಸಲೀಸು. ಪರೀಕ್ಷೆಯ ತಿರುವು ಎಡಕ್ಕೇ ಇರುವುದೂ ಅನುಕೂಲವೇ. ಅಲ್ಲಿ ಚಾಲಕ ಕೂರುವುದು ಎಡಗಡೆ, ಕಿಟಕಿಯಿಂದ ಟ್ರೇಲರಿನ ಹಿಂದಿನ ಮೂಲೆ ಕಾಣುತ್ತದೆ.

ಮುಂದಕ್ಕೆ ಓಡಿಸುವಾಗ ನೆನಪಾಗುವುದು ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ. ಅಲ್ಲಿ ಲಾರಿಯವರು ತಿರುವಿನಲ್ಲಿ ಅಗಲಕ್ಕೆ ಹೋಗುವುದು ಸುಮ್ನೆ ಅಲ್ಲ. ಹಿಂದಿನ ಗಾಲಿ ಯಾವಾಗಲೂ ಒಳಗಡೆಯಿಂದ ಕೊಯ್ದುಕೊಂಡು ಬರುತ್ತದೆ. ಕ್ಯಾರವಾನಿಗೂ ಇದೇ ನಿಯಮ. ಚಿಕ್ಕಪ್ಪನ ಟ್ರಾಲಿಯಲ್ಲಿ ಇಲ್ಲದ ಒಂದು ವ್ಯವಸ್ಥೆ ಮಾತ್ರ ನನಗೆ ಬಹಳ ಹಿಡಿಸಿತು. ಕಾರು ಬ್ರೇಕ್ ಹಾಕಿದಾಗ ಕ್ಯಾರವಾನ್ ಕೊಂಡಿಯನ್ನು ಒತ್ತುತ್ತದೆ, ಆ ಒತ್ತಡಕ್ಕೇ ಅದರ ಬ್ರೇಕೂ ಹಿಡಿಯುತ್ತದೆ. ಅಕಸ್ಮಾತ್ ಕೊಂಡಿ ಬಿಟ್ಟರೆ ಒಂದು ಸಣ್ಣ ಉಕ್ಕಿನ ಹಗ್ಗ ಬ್ರೇಕನ್ನು ಎಳೆದು ಹಿಡಿಯುತ್ತದೆ. ಪ್ರತಿ ಸಲವೂ ಆ ಹಗ್ಗ ಸಿಕ್ಕಿಸಿದ್ದೇನಾ ಅಂತ ಕೈಯಿಂದ ಮುಟ್ಟಿ ನೋಡುತ್ತೇನೆ.

ಇನ್ನು ಹೊಸದಾಗಿ ಹೋಗುವವರಿಗೆ. ನಮ್ಮ ಭಾರತದ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ 6 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬಿ ದರ್ಜೆಗೆ ಬರವಣಿಗೆ, ಚಾಲನೆ ಎರಡೂ ಪರೀಕ್ಷೆ ಕೊಡಲೇಬೇಕು. ಬಿ ಇಲ್ಲದೆ ಬಿಇ ಸಿಗುವುದಿಲ್ಲ. ಬಿಇ ಸಿಕ್ಕಿತು ಅಂತ ಜೋರಾಗಿ ಓಡಿಸುವ ಹಾಗಿಲ್ಲ. ಟ್ರೇಲರ್ ಇದ್ದರೆ ಆಟೋಬಾನಿನಲ್ಲೂ ಗಂಟೆಗೆ 80 ಕಿಲೋಮೀಟರ್. ಟಯರು, ಬ್ರೇಕು, ತೂಕದ ಷರತ್ತುಗಳನ್ನೆಲ್ಲ ಪೂರೈಸಿ 100ರ ಫಲಕ ಪಡೆದವರು ಮಾತ್ರ 100ರಲ್ಲಿ ಹೋಗಬಹುದು.