ತಾರಸಿಯ ಕೋತಿ, ಬೆಟ್ಟದ ಮೇಲಿನ ಡ್ರೋನ್: ಚಿಕ್ಕಬಳ್ಳಾಪುರಕ್ಕೆ ಹೊಸದಾಗಿ ಬಂದವರಿಗೆ

ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿದವರು ಮೊದಲ ವಾರ ನಮ್ಮ ಸಂಘದವರನ್ನು ಕೇಳುವುದು ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಮಕ್ಕಳಿಗೆ ಯಾವ ಶಾಲೆ ಎಂದು. ಎರಡನೇ ವಾರ ಕೋತಿಗಳ ಬಗ್ಗೆ ಕೇಳುತ್ತಾರೆ. ನಂದಿಬೆಟ್ಟಕ್ಕೆ ಎರಡು ಸಲ ಹೋಗಿ ಬಂದ ಮೇಲೆ ಡ್ರೋನ್ ಮಾತು ಬರುತ್ತದೆ. ಹಾಗಾಗಿ ಎರಡನ್ನೂ ಒಂದೇ ಕಡೆ ಬರೆದಿದ್ದೇವೆ.

ಕೋತಿ ಎಂಬ ಮಾತಿಗೆ ಇಲ್ಲಿ ಅನುವಾದ ಬೇಡ. ಕನ್ನಡಕ್ಕೂ ತೆಲುಗಿಗೂ ಅದೇ ಪದ. ಪಕ್ಕದ ಮನೆಯ ಅಜ್ಜಿ ಯಾವ ಭಾಷೆಯಲ್ಲಿ ಕೂಗಿದರೂ ಸರಿ, ‘ಕೋತಿ’ ಎಂದು ಕಿವಿಗೆ ಬಿದ್ದ ಕೂಡಲೇ ಅಡುಗೆಮನೆ ಕಿಟಕಿ ಹಾಕಿ. ನೀರಿನ ಟ್ಯಾಂಕಿನ ಮುಚ್ಚಳಕ್ಕೆ ತಂತಿ ಬಿಗಿಯಿರಿ. ಸಂಡಿಗೆ ಒಣಹಾಕಿದರೆ ಒಬ್ಬರು ಕೋಲು ಹಿಡಿದು ಕೂರಲೇಬೇಕು, ಬೇರೆ ಉಪಾಯ ನಮಗೂ ಸಿಕ್ಕಿಲ್ಲ. ಶನಿವಾರ ಆಂಜನೇಯನ ಹೆಸರಲ್ಲಿ ತಾರಸಿ ಮೇಲೆ ಬಾಳೆಹಣ್ಣು ಇಡುವ ರೂಢಿಯಿದ್ದರೆ ದಯವಿಟ್ಟು ಅದನ್ನು ಗುಡಿಯಲ್ಲೇ ಕೊಟ್ಟು ಬನ್ನಿ. ನೀವು ಶನಿವಾರ ಇಟ್ಟದ್ದನ್ನು ಅವು ಭಾನುವಾರ ಎದುರುಮನೆಯಲ್ಲಿ ಹುಡುಕುತ್ತವೆ.

‘ಯಾರನ್ನಾದರೂ ಕರೆಸಿ ಹಿಡಿಸಿಬಿಡೋಣ’ ಎಂದು ಬೀದಿಯಲ್ಲಿ ಚಂದಾ ಎತ್ತಲು ಯಾರಾದರೂ ಬರುತ್ತಾರೆ. ಕೊಡಬೇಡಿ. ಕೋತಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಆ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ವಿಷವಿಡುವುದು, ಅಟ್ಟುವುದು ಎಲ್ಲವೂ ಬೇಟೆಯೇ. 2022ರ ತಿದ್ದುಪಡಿಯ ಪ್ರಕಾರ ಸಾಮಾನ್ಯ ಉಲ್ಲಂಘನೆಗೇ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಚಿರತೆ, ಕರಡಿ, ನವಿಲಿನ ಜೊತೆಗೆ ನಮ್ಮ ಕಡೆಯ ಕೋತಿಯೂ ಮೊದಲ ಅನುಸೂಚಿಯಲ್ಲಿ, ಅಂದರೆ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ ಇದೆ. ಅವುಗಳನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಇನ್ನು ದುಡ್ಡಿಗೆ ಹಿಡಿದವರು ಕೋತಿಗಳನ್ನು ರಾತ್ರೋರಾತ್ರಿ ಬೆಟ್ಟದ ಬುಡದ ಹಳ್ಳಿಯಲ್ಲಿ ಬಿಟ್ಟು ಬರುತ್ತಾರೆ. ಆ ಹಳ್ಳಿಯವರಿಗೂ ಸಂಡಿಗೆ ಇರುತ್ತದಲ್ಲ.

ಕಾಟ ಮಿತಿಮೀರಿದರೆ ಬೀದಿಯವರೆಲ್ಲ ಸಹಿ ಹಾಕಿ ನಗರಸಭೆಗೂ ವಲಯ ಅರಣ್ಯಾಧಿಕಾರಿ ಕಚೇರಿಗೂ ಒಂದೇ ದಿನ ಅರ್ಜಿ ಕೊಡಿ, ಎರಡೂ ಕಡೆ ಸ್ವೀಕೃತಿ ಪಡೆಯಿರಿ. ಒಂದೇ ಕಡೆ ಕೊಟ್ಟರೆ ‘ಅದು ಅವರಿಗೆ ಸೇರಿದ್ದು’ ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಗಾಯಗೊಂಡ ಪ್ರಾಣಿ, ಮನೆಯೊಳಗೆ ಬಂದ ಹಾವು, ಚಿರತೆ ಸುಳಿದಾಟ ಇವಕ್ಕೆಲ್ಲ ಅರಣ್ಯ ಇಲಾಖೆಯ ಸಹಾಯವಾಣಿ 1926. ಹಾವು ಕಚ್ಚಿದರೆ ಮಾತ್ರ ಮೊದಲು 108. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ, ನೇರ ಜಿಲ್ಲಾಸ್ಪತ್ರೆಗೆ ಹೋಗಿ.

ಊರಿಂದ ಬರುವಾಗ ಪಂಜರದಲ್ಲಿ ಗಿಳಿ ತಂದಿದ್ದರೆ ಅದೂ ಅಪರಾಧವೇ. ಅದೃಷ್ಟದ ಹೆಸರಲ್ಲಿ ಮಾರುವ ನಕ್ಷತ್ರ ಆಮೆಯನ್ನು ಮುಟ್ಟಲೂ ಹೋಗಬೇಡಿ.

ಬೆಟ್ಟದ ಬುಡದಲ್ಲಿ ಫಾರ್ಮ್ ಪ್ಲಾಟ್ ಕೊಂಡವರಿಗೆ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಹಂದಿ ಬರುತ್ತದೆಂದು ಬೇಲಿಗೆ ಮನೆಯ ಕರೆಂಟ್ ಎಳೆಯಬೇಡಿ. ಅದಕ್ಕೆ ಸಿಕ್ಕಿ ಸಾಯುವುದು ಹಂದಿಯೊಂದೇ ಅಲ್ಲ, ಬೆಳಗಿನ ಜಾವ ಹಾಲು ಹಾಕಲು ಹೊರಟವರೂ ಸಾಯುತ್ತಾರೆ. ಸೋಲಾರ್ ಬೇಲಿ ಬೇರೆ, ಅದು ಬಿಟ್ಟುಬಿಟ್ಟು ಹೊಡೆಯುವ ಸಣ್ಣ ಪೆಟ್ಟು.

ಇನ್ನು ಡ್ರೋನ್. ನಮ್ಮ ಬಡಾವಣೆಗೆ ಹೊಸದಾಗಿ ಬಂದ ಹುಡುಗನೊಬ್ಬ ಎರಡನ್ನೂ ಒಂದೇ ಏಟಿಗೆ ಮುಗಿಸಲು ನೋಡಿದ: ತಾರಸಿಯ ಕೋತಿಗಳ ಮೇಲೆ ಡ್ರೋನ್ ಬಿಟ್ಟ. ಮರಿ ಹೊತ್ತ ಕೋತಿ ಬೆದರಿ ಕರೆಂಟ್ ತಂತಿಗೆ ಹಾರಿತು, ಅದೃಷ್ಟಕ್ಕೆ ಉಳಿಯಿತು. ಡ್ರೋನ್ ಎದುರುಮನೆಯ ಡಿಶ್‌ಗೆ ಬಡಿದು ಬಿತ್ತು. ಬೇಟೆಯ ವ್ಯಾಖ್ಯಾನದಲ್ಲಿ ‘ಅಟ್ಟುವುದು’ ಸೇರಿದೆ ಎಂದು ಅವನ ತಂದೆಗೆ ಓದಿ ಹೇಳಬೇಕಾಯಿತು.

2021ರ ಡ್ರೋನ್ ನಿಯಮಗಳ ಪ್ರಕಾರ ಪ್ರತಿ ಡ್ರೋನ್‌ಗೂ ಸರ್ಕಾರದ ನೋಂದಣಿ ಸಂಖ್ಯೆ ಬೇಕು. 250 ಗ್ರಾಂ ಒಳಗಿನದು ನ್ಯಾನೋ, ಅದರಿಂದ 2 ಕಿಲೋವರೆಗಿನದು ಮೈಕ್ರೋ. ನ್ಯಾನೋಗೂ, ಹವ್ಯಾಸಕ್ಕೆ ಹಾರಿಸುವ ಮೈಕ್ರೋಗೂ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ದುಡ್ಡಿಗೆ ಹಾರಿಸುವ ಮೈಕ್ರೋಗೆ ಬೇಕೇ ಬೇಕು. ಪ್ರಿ-ವೆಡ್ಡಿಂಗ್ ಶೂಟ್‌ಗೆ ಫೋಟೋಗ್ರಾಫರ್‌ಗೆ ಮುಂಗಡ ಕೊಡುವ ಮೊದಲು ಆ ಎರಡು ಕಾಗದ ನೋಡಿ. ಅಮೆರಿಕದ ಅಣ್ಣನಿಗೆ ‘ಬರುವಾಗ ಒಂದು ಡ್ರೋನ್ ತಾ’ ಎನ್ನಲೂಬೇಡಿ. 2022ರ ಫೆಬ್ರವರಿಯಿಂದ ಹೊರದೇಶದ ಡ್ರೋನ್ ತರಿಸಿಕೊಳ್ಳುವುದಕ್ಕೆ ನಿಷೇಧವಿದೆ, ದೇವನಹಳ್ಳಿಯ ಕಸ್ಟಮ್ಸ್‌ನಲ್ಲೇ ಹಿಡಿಯುತ್ತಾರೆ.

ಹಾರಿಸುವ ಮೊದಲು ಸರ್ಕಾರದ ವಾಯುಪ್ರದೇಶ ನಕ್ಷೆ ತೆರೆದು ಬಣ್ಣ ನೋಡಿ. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಬೇಡ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಈ ಮಿತಿ 200 ಅಡಿ. ಹಳದಿಗೆ ವಾಯು ಸಂಚಾರ ನಿಯಂತ್ರಣದವರ ಒಪ್ಪಿಗೆ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ್ದು. ನಿನ್ನೆ ಹಸಿರಿದ್ದದ್ದು ಇಂದು ಕೆಂಪಾಗಿರಬಹುದು: ಎಸ್‌ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ಒಂದು ಸಲಕ್ಕೆ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಘೋಷಿಸಬಹುದು. ಜಾತ್ರೆ, ಗಣ್ಯರ ಭೇಟಿಯ ದಿನಗಳಲ್ಲಿ ಪೊಲೀಸರನ್ನು ಕೇಳಿಕೊಳ್ಳಿ. ತಪ್ಪಿದರೆ ದಂಡ 1 ಲಕ್ಷದವರೆಗೆ.

ನಕ್ಷೆ ಹಸಿರು ತೋರಿಸಿದ ಮಾತ್ರಕ್ಕೆ ನೆಲದವರ ಅನುಮತಿ ಸಿಕ್ಕಂತಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ; ಅಲ್ಲಿ ಅವರ ಪೂರ್ವಾನುಮತಿ ಬೇಕು. ನಂದಿಬೆಟ್ಟದ ಮೇಲೆ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ಆ ಬೆಟ್ಟದಲ್ಲಿ ಬೇರೆಡೆ ಅಪರೂಪವಾದ ಹಳದಿ ಕೊರಳಿನ ಪಿಕಳಾರ ಹಕ್ಕಿ ಇದೆ, ಅದನ್ನು ನೋಡಲೆಂದೇ ಬೆಳಗಿನ ಆರಕ್ಕೆ ಬಂದು ಕೂರುವವರಿದ್ದಾರೆ. ಅವರ ತಲೆಯ ಮೇಲೆ ಡ್ರೋನ್ ಗುಂಯ್‌ಗುಡಿಸಿದರೆ ಬೈಸಿಕೊಳ್ಳುವುದು ನ್ಯಾಯವೇ.

ಹಳ್ಳಿಗಳ ಕಡೆ ಇನ್ನೂ ಎಚ್ಚರ ಬೇಕು. ಶಿಡ್ಲಘಟ್ಟದ ಕಡೆ ಆಕಾಶದಲ್ಲಿ ಡ್ರೋನ್ ಸದ್ದು ಕೇಳಿದರೆ ರೈತರಿಗೆ ಬರುವ ಮೊದಲ ಯೋಚನೆ ಔಷಧಿ ಸಿಂಪಡಣೆ. ಪಕ್ಕದ ಹೊಲದ ಕೀಟನಾಶಕ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಅದನ್ನು ತಿಂದ ರೇಷ್ಮೆ ಹುಳು ಸಾಯುತ್ತದೆ, ಒಂದು ಬೆಳೆಯ ಗೂಡೇ ಹೋಗುತ್ತದೆ. ಎರಡನೇ ಯೋಚನೆ ಭೂಸ್ವಾಧೀನದ ಸರ್ವೆ. ನಿಮ್ಮದು ಬರೀ ಸೂರ್ಯೋದಯದ ವಿಡಿಯೋ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹಾರಿಸುವ ಮುಂಚೆ ಒಬ್ಬರನ್ನಾದರೂ ಮಾತಾಡಿಸಿ, ಪರದೆಯಲ್ಲಿ ಅವರ ತೋಟವನ್ನೇ ತೋರಿಸಿ.

ಡ್ರೋನ್ ದ್ರಾಕ್ಷಿ ಚಪ್ಪರದ ಮೇಲೆ ಬಿದ್ದರೆ ಬೇಲಿ ಹಾರಬೇಡಿ. ತೋಟದವರ ಮನೆ ಹುಡುಕಿ, ‘ಯಜಮಾನ್ರೇ, ನಂದೊಂದು ಸಾಮಾನು ನಿಮ್ಮ ಚಪ್ಪರದ ಮೇಲಿದೆ’ ಎನ್ನಿ. ಇಳಿಸುವುದು ಅವರ ಕೈಯಲ್ಲೇ ಆಗಲಿ; ಯಾವ ತಂತಿ ಹಿಡಿದರೆ ಗೊನೆ ಉದುರುವುದಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ.