ಅಗಸ್ತ್ಯ, ಅಗಸೆ: ಒಂದು ನಮೂದು ನಾಲ್ಕನೇ ಸಲಕ್ಕೆ ನಿಂತದ್ದು

ಪದಪಟ್ಟಿ ಮಾಡುವವರಿಗೆ ಬೆಳಗಿನ ಜಾವ ದೇವರಾಯನದುರ್ಗದಲ್ಲಿ ಏನು ಕೆಲಸ ಎಂದು ಕೇಳಿದವರು ಬಹಳ. ತುಮಕೂರು ಸೀಮೆಯ ಬೇಸಾಯದ ಪದಗಳ ಕೋಶ ಮಾಡುವಾಗ ‘ಅಗಸ್ತ್ಯ’ ಮೂರು ಸಲ ತಪ್ಪಾಯಿತು. ಅದು ಋಷಿಯ ಹೆಸರು, ನಕ್ಷತ್ರದ ಹೆಸರು, ಜನ ಅಗಸೆ ಅನ್ನುವ ಮರದ ಹೆಸರೂ ಹೌದು. ಮೂರು ಸಲವೂ ನಿಘಂಟು ನೋಡಿಯೇ ಬರೆದದ್ದು. ನಾಲ್ಕನೇ ಸಲ ಕಾಯಿ, ಬೀಜ, ಆಕಾಶ ನೋಡಿ ಬರೆದೆ. ಇನ್ನು ಅಲುಗುವುದಿಲ್ಲ.

ಮೊದಲ ಎಡವಟ್ಟು ಪ್ರಶ್ನೆಯಲ್ಲೇ ಇತ್ತು. ‘ಅಗಸೆ ಗೊತ್ತೇನಣ್ಣ?’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಎಲೆತೋಟದವರಿಗೆ ಅದು ಬಳ್ಳಿ ಹಬ್ಬಿಸುವ ಮರ, ಗಾಣ ನೋಡಿದ ಹಿರಿಯರಿಗೆ ಎಣ್ಣೆಕಾಳು, ಉತ್ತರ ಕರ್ನಾಟಕದವರಿಗೆ ಊರಬಾಗಿಲು. ಐವತ್ತರ ಆಸುಪಾಸು ಹೂಂಗಳು ಹೀಗೆ ದಂಡವಾದವು. ಈಗ ಹೆಸರನ್ನೇ ಎತ್ತುವುದಿಲ್ಲ. ವಸ್ತುವನ್ನು ಕೈಗಿಟ್ಟು ‘ಇದಕ್ಕೇನಂತೀರಿ?’ ಎನ್ನುವುದಷ್ಟೇ. ಟೊಂಗೆ ಒಯ್ಯಬೇಡಿ. ಕಿತ್ತ ಸ್ವಲ್ಪ ಹೊತ್ತಿಗೆ ಎಲೆ ಮಡಚಿಕೊಂಡು ಜೀನಂಗಿ ಸೊಪ್ಪಿನ ಹಾಗೇ ಕಾಣುತ್ತದೆ. ಒಣಗಿದ ಕಾಯಿ ಒಯ್ಯಿರಿ: ಒಂದಡಿಯಷ್ಟು ಉದ್ದ, ಬೆರಳಿಗಿಂತ ಸಣ್ಣ. ಹೂವಿನ ಕಾಲದಲ್ಲಿ ಇನ್ನೂ ಸುಲಭ. ಮೂರು ಇಂಚಿನ, ಕೊಕ್ಕಿನಂತೆ ಬಾಗಿದ ಬಿಳಿ ಇಲ್ಲವೇ ಕೆಂಪು ಹೂವಾದರೆ ಅಗಸೆ. ಚಿಕ್ಕ ಹಳದಿ ಹೂವಾದರೆ ಜೀನಂಗಿ. ದೀಪದ ಕಂಬದಂತೆ ನಿಂತ ಹಳದಿ ಗೊಂಚಲಿದ್ದರೆ ಅದು ಸೀಮೆ ಅಗಸೆ, ಹುಳುಕಡ್ಡಿಗೆ ಹಚ್ಚುವ ಬೇರೆಯೇ ಗಿಡ. ಪಾವಗಡ, ಶ್ರೀನಿವಾಸಪುರದ ತೆಲುಗರು ಈ ಮರಕ್ಕೆ ‘ಅವಿಸೆ’ ಅನ್ನುತ್ತಾರೆ, ಕೆಜಿಎಫ್‌ನ ತಮಿಳರು ‘ಅಗತ್ತಿ’.

ದುಡ್ಡು ಹೋದದ್ದು ಬೀಜದಲ್ಲಿ. ಅಂಗಡಿಯಲ್ಲಿ ‘ಅಗಸೆ ಬೀಜ’ ಎಂದರೆ ಕೊಡುವುದು ಎಣ್ಣೆಕಾಳನ್ನೇ. ಅದು ಸಂಸ್ಕೃತದ ಅತಸಿ. ಋಷಿಗೂ ಅದಕ್ಕೂ ನಂಟಿಲ್ಲ. ಎರಡು ಕಿಲೋ ತಂದು ಸಾಲು ಊರಿ, ಮರದ ಬದಲು ಮೊಳದುದ್ದದ ನೀಲಿ ಹೂವಿನ ಗಿಡ ಕಂಡಾಗ ಬೀಜ, ಕೂಲಿ, ಒಂದು ಹಂಗಾಮು ಸೇರಿ ಎರಡು ಸಾವಿರದ ಹತ್ತಿರ ಹೋಗಿತ್ತು. ಕೋಶದ ಜೊತೆ ಹಂಚುವ ಮುನ್ನೂರು ಚೀಟಿಗಳಲ್ಲೂ ಅಗಸ್ತ್ಯದ ಎದುರು ಎಣ್ಣೆಕಾಳಿನ ಚಿತ್ರ ಅಚ್ಚಾಗಿ ಇನ್ನೊಂದು ನಾಲ್ಕು ಸಾವಿರ. ಪರೀಕ್ಷೆ ಹತ್ತು ನಿಮಿಷದ್ದು: ಒಂದು ಚಿಟಿಕೆ ಬೀಜ ನೀರಿಗೆ ಹಾಕಿ. ಲೋಳೆ ಬಿಟ್ಟರೆ ಎಣ್ಣೆಕಾಳು. ಮರದ ಬೀಜ ಪುಟ್ಟ ಅವರೆಯಂತಿದ್ದು ಲೋಳೆ ಬಿಡದು. ಹುಳು ಬೀಳುವ ಮುಂಚೆ ಕಾಯಿ ಕೊಯ್ಯುವ ಹದ ಒಂದಿದೆ. ಅದನ್ನು ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಇನ್ನು ನಕ್ಷತ್ರ. ಎಲ್ಲರೂ ಮಾಡುವ ತಪ್ಪು ಲುಬ್ಧಕವನ್ನೇ (ಸಿರಿಯಸ್) ಅಗಸ್ತ್ಯ (ಕ್ಯಾನೋಪಸ್) ಅನ್ನುವುದು. ರಾತ್ರಿಯ ಆಕಾಶದಲ್ಲಿ ಹೆಚ್ಚು ಹೊಳೆಯುವ ನಕ್ಷತ್ರ ಲುಬ್ಧಕ, ಎರಡನೆಯದು ಅಗಸ್ತ್ಯ. ಎರಡರ ನಡುವೆ 36 ಡಿಗ್ರಿ, ಕೈ ಚಾಚಿ ಹಿಡಿದರೆ ಮೂರೂವರೆ ಮುಷ್ಟಿ. ಫೆಬ್ರವರಿ ನಡುವೆ ರಾತ್ರಿ ಒಂಬತ್ತರ ಸುಮಾರಿಗೆ ದೇವರಾಯನದುರ್ಗದಿಂದ ತೆಂಕಣಕ್ಕೆ ನೋಡಿದರೆ ಶಿವಗಂಗೆ ಬೆಟ್ಟದ ನೇರಕ್ಕೆ, 24 ಡಿಗ್ರಿ ಎತ್ತರದಲ್ಲಿ ನಿಂತಿರುತ್ತದೆ. ಅದಕ್ಕಿಂತ ಮೇಲೆ ನಮ್ಮಲ್ಲಿ ಏರುವುದಿಲ್ಲ. ದೆಹಲಿಯಲ್ಲಿ ಒಂಬತ್ತು ಡಿಗ್ರಿಯೂ ಸಿಗದು. ವಿಂಧ್ಯವನ್ನು ತಗ್ಗಿಸಿ ತೆಂಕಣಕ್ಕೆ ಹೋದ ಋಷಿ ಮರಳಲಿಲ್ಲ ಎಂಬ ಕಥೆ ಈ ನಕ್ಷತ್ರಕ್ಕೆ ಯಾಕೆ ಒಪ್ಪುತ್ತದೆ ಎಂಬುದು ಆ ಅಂಕಿಯಲ್ಲೇ ಇದೆ.

ಉದಯ, ಅಂದರೆ ಕೆಲಕಾಲ ಮರೆಯಾದ ನಕ್ಷತ್ರ ಮುಂಜಾನೆ ಮತ್ತೆ ಮೊದಲು ಕಾಣುವ ದಿನ, ಹಿಡಿಯುವುದೇ ಕಷ್ಟ. ಮೇ ಕೊನೆಯ ಹೊತ್ತಿಗೆ ಸಂಜೆಗೆಂಪಿನಲ್ಲಿ ಮರೆಯಾಗಿ, ಆಗಸ್ಟ್ ಮೊದಲಿಗೆ ಮುಂಜಾನೆ ಆಗ್ನೇಯದಲ್ಲಿ ಏಳಬೇಕು. ಉತ್ತರಕ್ಕೆ ಹೋದಷ್ಟೂ ಈ ದಿನ ತಡ. ಲುಬ್ಧಕ ಹುಟ್ಟಿ ಅರ್ಧ ಗಂಟೆಗೆ ಇದು. ಆದರೆ ಆಗ ನಮ್ಮಲ್ಲಿ ಮೋಡ, ಸಾಲದ್ದಕ್ಕೆ ಏಳುವ ದಿಕ್ಕಿನಲ್ಲೇ ಬೆಂಗಳೂರಿನ ಬೆಳಕು. ಎರಡು ವರ್ಷ ಪೆಟ್ರೋಲ್ ಸುಟ್ಟದ್ದೇ ಬಂತು. ಮೂರನೇ ವರ್ಷ ಸೆಪ್ಟೆಂಬರ್‌ನಲ್ಲಿ ಕಂಡಾಗ ಆಗಲೇ ಒಂದೂವರೆ ಮುಷ್ಟಿ ಮೇಲೇರಿತ್ತು.

‘ಅಗಸ್ತ್ಯೋದಯಕ್ಕೆ ನೀರು ತಿಳಿಯಾಗುತ್ತದೆ’ ಎಂಬ ಕವಿವಾಕ್ಯವನ್ನೂ ಪರೀಕ್ಷೆಗೆ ಹಚ್ಚಿದೆ. ಜುಲೈನಿಂದ ನವೆಂಬರ್‌ವರೆಗೆ ವಾರಕ್ಕೊಂದು ಬಾಟಲಿ ಕೆರೆನೀರು, ದಿನಾಂಕದ ಚೀಟಿ ಅಂಟಿಸಿ ಕಿಟಕಿಯಲ್ಲಿ ಸಾಲಾಗಿ. ಅತಿ ರಾಡಿಯಾದದ್ದು ಸೆಪ್ಟೆಂಬರ್, ಅಕ್ಟೋಬರ್‌ನವು. ಆಶ್ಚರ್ಯವೇನಿಲ್ಲ, ನಮ್ಮ ಜೋರುಮಳೆ ಬರುವುದೇ ಆಗ. ಆ ಮಾತು ಶರತ್ತಿನಲ್ಲಿ ಮಳೆ ಹಿಂದೆಗೆಯುವ ಉತ್ತರದ್ದು. ಅದನ್ನು ಹಾಗೇ ನಕಲು ಮಾಡಿ ನಮೂದಿನಲ್ಲಿ ‘ಪ್ರಯೋಗ’ (ಪದದ ಬಳಕೆಗೆ ಉದಾಹರಣೆ) ಎಂದು ಬರೆದದ್ದೇ ನನ್ನ ಎರಡನೇ ತಪ್ಪು. ನಕ್ಷತ್ರ ಹುಟ್ಟಿದಾಗ ಮರ ಹೂಬಿಡುತ್ತದೆ ಎಂಬುದು ಅರ್ಧ ನಿಜ. ಬದುವಿನ ಹಳೆ ಮರಗಳು ಸೆಪ್ಟೆಂಬರ್ ದಾಟಿ ಚಳಿಗಾಲದವರೆಗೆ ಹೂ ಕೊಟ್ಟವು. ಕಾಲುವೆ ಪಕ್ಕದವು ಅಕಾಲದಲ್ಲೂ ಬಿಟ್ಟವು.

ಈಗಿನ ನಮೂದಿನಲ್ಲಿ ಮರ ಮೊದಲು, ಏಕೆಂದರೆ ಇಲ್ಲಿನ ಬಾಯಲ್ಲಿ ಇರುವುದು ಅದೇ: ಎಲೆಬಳ್ಳಿಗೆ ಆಸರೆ, ಆಡಿಗೆ ಮೇವು, ಕೆಲವರ ಮನೆಯಲ್ಲಿ ದ್ವಾದಶಿಯ ಪಲ್ಯ, ಒಳಗಿನ ಕೇಸರ ಕಿತ್ತು ಬೇಯಿಸುವ ಹೂ. ಎರಡನೆಯದು ಕುಂಭಸಂಭವ ಋಷಿ, ಮೂರನೆಯದು ನಕ್ಷತ್ರ, ಕಾಣುವ ತಿಂಗಳುಗಳ ಸಮೇತ. ಎಣ್ಣೆಕಾಳಿಗೂ ಊರಬಾಗಿಲಿಗೂ ಬೇರೆ ಬೇರೆ ನಮೂದು, ‘ಅವಿಸೆ’ಯಿಂದ ಮರಕ್ಕೊಂದು ಕೈಮರ, ಅಂದರೆ ‘ಅಲ್ಲಿ ನೋಡಿ’ ಎಂಬ ಸೂಚನೆ.