ಕ್ಯಾಪ್ಸೂಲ್ ತೆರೆಯದೆ ಡೈನೋಸಾರ್ ನಾಣ್ಯದ ಫೋಟೊ ತೆಗೆದದ್ದು: ನನ್ನ ಅನುಭವ

ಬೆಳ್ಳಿಯ ಪ್ರೂಫ್ ನಾಣ್ಯವನ್ನು (ಸಂಗ್ರಾಹಕರಿಗೆಂದೇ ಕನ್ನಡಿ ಹೊಳಪು ಕೊಟ್ಟು ಅಚ್ಚು ಹಾಕಿದ್ದು) ಪಾರದರ್ಶಕ ಪ್ಲಾಸ್ಟಿಕ್ ಕ್ಯಾಪ್ಸೂಲ್‌ನಿಂದ ಹೊರಗೆ ತೆಗೆಯದೆ ಒಳ್ಳೆಯ ಫೋಟೊ ಬರಲ್ಲ ಅಂತ ಸಂಗ್ರಾಹಕ ಗೆಳೆಯರೆಲ್ಲ ವಾದಿಸಿದ್ದರು. ಬಂತು. ಬ್ರಿಟನ್ನಿನ ಟಂಕಸಾಲೆ ರಾಯಲ್ ಮಿಂಟ್‌ನ 2020ರ 50 ಪೆನ್ಸ್ ಸರಣಿಯ ಮೆಗಲೋಸಾರಸ್, ಇಗ್ವಾನೊಡಾನ್, ಹೈಲಿಯೊಸಾರಸ್ ಮೂರನ್ನೂ ಮುಟ್ಟದೆ ತೆಗೆದಿದ್ದೇನೆ. 1842ರಲ್ಲಿ ಬ್ರಿಟಿಷ್ ಜೀವವಿಜ್ಞಾನಿ ರಿಚರ್ಡ್ ಓವನ್ ‘ಡೈನೋಸಾರಿಯಾ’ ಅಂತ ಹೆಸರಿಟ್ಟಿದ್ದು ಇವೇ ಮೂರು ಪ್ರಾಣಿಗಳ ಪಳೆಯುಳಿಕೆ ನೋಡಿ. ಅದಕ್ಕೇ ಮೂರೂ ಒಂದೇ ಬೆಳಕಿನಲ್ಲಿ ಬರಬೇಕಿತ್ತು.

ಮೊದಲು ರಿಂಗ್ ಲೈಟ್ ಕೊಂಡೆ. ಇಗ್ವಾನೊಡಾನ್ ತಲೆ ಮೇಲೆ ಬಿಳಿ ಬಳೆ ಕೂತಿತು. ಆಮೇಲೆ ಲೈಟ್ ಟೆಂಟ್ (ಬೆಳಕು ಹರಡಿಸೋ ಬಿಳಿ ಬಟ್ಟೆ ಗೂಡು): ಕನ್ನಡಿಯಂಥ ಮೈದಾನವೂ (ಚಿತ್ರದ ಸುತ್ತಲ ಸಪಾಟು ಜಾಗ) ಪ್ರಾಣಿಯ ಮೈಯೂ ಒಂದೇ ಬೂದು ಬಣ್ಣ. ಎರಡಕ್ಕೂ ಸೇರಿ ಸುಮಾರು ಎಂಬತ್ತು ಪೌಂಡ್ ಹೋಯಿತು. ಆ ದುಡ್ಡಿಗೆ ಇನ್ನೊಂದು ನಾಣ್ಯವೇ ಬರುತ್ತಿತ್ತು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನಾಣ್ಯದ ಮೇಲೆ 45 ಡಿಗ್ರಿ ಓರೆಯಾಗಿ ಗಾಜು ಹಿಡಿದು ಪಕ್ಕದ ಬೆಳಕನ್ನು ನೇರ ಕೆಳಗೆ ಬೀಳಿಸೋ ಉಪಾಯ ನಾಣ್ಯದ ಫೋಟೊ ತೆಗೆಯೋರಿಗೆಲ್ಲ ಗೊತ್ತು. ಬರಿ ನಾಣ್ಯಕ್ಕೆ ಚೆನ್ನ, ಕ್ಯಾಪ್ಸೂಲ್ ಇದ್ದರೆ ಅದರ ಮುಚ್ಚಳವೇ ಹೊಳೆದು ಮಂಜು ಕವಿಯುತ್ತದೆ.

ಕೆಲಸ ಮಾಡಿದ್ದು ಕರಿ ಕಾರ್ಡು. ನಾಣ್ಯಕ್ಕೆ ಎದುರಾಗಿ ಹಿಡಿದದ್ದು, ನಡುವೆ ಲೆನ್ಸಿಗಷ್ಟೇ ತೂತು. ಮುಚ್ಚಳಕ್ಕೂ ಮೈದಾನಕ್ಕೂ ಎದುರಿಗಿರೋದು ಕರಿ, ಪ್ರತಿಫಲಿಸೋದೂ ಕರಿ. ಎಲ್‌ಇಡಿ ಎರಡೂ ಪಕ್ಕದಿಂದ, ಮೇಜಿಗೆ ಹದಿನೈದಿಪ್ಪತ್ತು ಡಿಗ್ರಿಯಷ್ಟು ತಗ್ಗಿನಲ್ಲಿ. ಆಗ ಮಿರುಗದಂತೆ ಮಂಜುಗಟ್ಟಿಸಿದ ಪ್ರಾಣಿಯ ಮೈ ಮಾತ್ರ ಬೆಳ್ಳಗೆ ಎದ್ದು ಬರುತ್ತದೆ. ಇವುಗಳ ವಿನ್ಯಾಸ ಮಾಡಿದ ಕಲಾವಿದ ರಾಬರ್ಟ್ ನಿಕೋಲ್ಸ್ ಬಿಡಿಸಿದ ಚರ್ಮದ ಒಂದೊಂದು ಸುಕ್ಕೂ, ಹೈಲಿಯೊಸಾರಸ್‌ನ ಒಂದೊಂದು ಮುಳ್ಳೂ ಎಣಿಸಬಹುದು. ಲೆನ್ಸಿನ ಕಿಂಡಿ ಎಫ್/11ರ ಆಸುಪಾಸು, ಬೆಳಕಿನ ಸಂವೇದನೆ ಐಎಸ್‌ಒ 100. ಕಾರ್ಡಿಗೆ ಒಂದೂವರೆ ಪೌಂಡ್ ಕೊಟ್ಟ ನೆನಪು. ತಗ್ಗಿನ ಬೆಳಕಿಗೆ ಕ್ಯಾಪ್ಸೂಲ್‌ನ ಅಂಚು ಉರಿದಂತೆ ಹೊಳೆಯುತ್ತದೆ. ಅದನ್ನು ಆರಿಸೋ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಇದೇ ಮೇಜಿನ ಮೇಲೆ ಕೆನಡಾದ 2012ರ ಪ್ಯಾಕಿರೈನೊಸಾರಸ್ 25 ಸೆಂಟ್ ಕೂಡ ಇಟ್ಟೆ. ಅದು ಬೆಳ್ಳಿಯಲ್ಲ, ತಾಮ್ರ-ನಿಕಲ್. ಆದರೆ ಕತ್ತಲಲ್ಲಿ ಅಸ್ಥಿಪಂಜರ ಹೊಳೆಯುತ್ತದೆ. ಟಾರ್ಚ್ ಹಿಡಿದು ಬೆಳಕು ಕುಡಿಸಿ, ದೀಪ ಆರಿಸಿ, ಇಪ್ಪತ್ತು ಸೆಕೆಂಡಿನಷ್ಟು ಶಟರ್ ತೆರೆದಿಟ್ಟೆ. ಪಕ್ಕೆಲುಬು ಸಮೇತ ಬಂತು.

ಮೊದಲಿನ ಮೂರರ ಬಣ್ಣದ ಬೆಳ್ಳಿ ಆವೃತ್ತಿಗೆ ಕರಿ ಕಾರ್ಡಿನ ವಿಧಾನ ಸಾಲದು. ಬಣ್ಣ ಕಂದುತ್ತದೆ. ಅದಕ್ಕೆ ಒಂದು ದೀಪದ ಮುಂದೆ ಬೆಣ್ಣೆ ಕಾಗದ ಕಟ್ಟಿ ಸ್ವಲ್ಪ ಎತ್ತರಿಸಿ ನೋಡುತ್ತಿದ್ದೇನೆ. ಮೆಗಲೋಸಾರಸ್ ಆಗಿದೆ, ಉಳಿದೆರಡು ಬಾಕಿ.